ಕಮಲಾಪುರ ಗೋದಾಮಿನ ಮುಚ್ಚಿದ ವಾಲ್ವ್

ಮ್ಯಾನೇಜರ್ ಸ್ಪ್ರಿಂಕ್ಲರಿನ ಆ ಹಿತ್ತಾಳೆಯ ಹೆಡ್ಡನ್ನು ನನ್ನ ಕೈಗೆ ಕೊಡಲಿಲ್ಲ, ಕೌಂಟರಿನ ಮೇಲಿಂದ ನೆಲಕ್ಕೆ ಬಿಸಾಡಿದ. ಅದು ಉರುಳಿಕೊಂಡು ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ಕಲಬುರಗಿಯ ಜಗತ್ ವೃತ್ತದ ಹತ್ತಿರ ನಾಲ್ಕಂತಸ್ತಿನ ಬಟ್ಟೆ ಅಂಗಡಿ ಅದು. ಕೆಲಸಗಾರರೆಲ್ಲ ಗೋಡೆಗೆ ಆತು ನಿಂತು ನೋಡುತ್ತಿದ್ದರು.

"ಎತ್ಕೋ ನಿನ್ನ ಫವಾರಾ," ಅಂದ. "ಜರಾ ಲೋಬಾನದ ಹೊಗಿ ಹಾಕಿದ್ರ ಸಾಕು, ಮಹಡಿ ತುಂಬ ನೀರು ಸುರಸ್ತದ. ಬೆಂಕಿ ಬಿದ್ದಿದ್ರೂ ಇಷ್ಟು ಸೀರಿ ಹಾಳಾಗ್ತಿದ್ದಿಲ್ಲ."

ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದಾಗ ಹಿಂದಿನಿಂದ ಯಾರೋ ನಕ್ಕರು. ನಕ್ಕವರು ಯಾರೆಂದು ತಿರುಗಿ ನೋಡಲಿಲ್ಲ. ನನಗೆ ಬೇಕಾದ ಮುಖ ಎದುರಿಗೇ ಇತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಸೊಲ್ಲಾಪುರದ ಒಂದು ಸಣ್ಣ ಕಂಪನಿಯ ಪರವಾಗಿ ಈ ಕಡೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಕಟ್ಟಡಗಳ ಛಾವಣಿಗೆ ಪೈಪು ಎಳೆದು, ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಕೂಡಿಸುವುದು ನಮ್ಮ ಕಸುಬು. ನಮ್ಮ ಊರಿಗೆ ಅದು ಹೊಸದು. ಈ ಬಟ್ಟೆ ಅಂಗಡಿಗೂ, ಅದರ ಮಾಲೀಕರಾದ ಸಾವಕಾರರು ಕಮಲಾಪುರದಲ್ಲಿ ಇಟ್ಟಿದ್ದ ಗೋದಾಮಿಗೂ ನಾನೇ ನಿಂತು ಕೂಡಿಸಿದ್ದೆ. ಪ್ರತಿ ಜೋಡಣೆಗೂ ಸೆಣಬು ಸುತ್ತಿ, ಬಿಳಿ ಬಣ್ಣ ಹಚ್ಚಿ, ಒತ್ತಡ ಕೊಟ್ಟು ಎರಡು ದಿನ ಹನಿ ಸೋರುತ್ತದೆಯೇ ಎಂದು ಕಾದು ನೋಡಿದ್ದೆ. ಒಂದು ಹನಿಯೂ ಸೋರಿರಲಿಲ್ಲ.

ದೀಪಾವಳಿ ಸೀಜನ್ನಿನ ಒಂದು ಶುಕ್ರವಾರ ಸಂಜೆ, ಗಿರಾಕಿಗಳು ತುಂಬಿರುವಾಗ ಎರಡನೇ ಮಹಡಿಯಲ್ಲಿ ನೀರು ಸುರಿದಿತ್ತು. ಅದೇ ಹೊತ್ತಿಗೆ ಕೆಳಗೆ ಪೂಜೆಯ ಲೋಬಾನ ಹಾಕಿದ್ದರು. ಹೊಗೆ ಮೇಲೆ ಹೋಯಿತು, ಫವಾರಾಗಳೆಲ್ಲ ಒಮ್ಮೆಲೇ ತೆರೆದುಕೊಂಡವು ಎಂದು ಮ್ಯಾನೇಜರ್ ಹೇಳಿದ. ಸಾವಕಾರರು ನಂಬಿದರು. ಊರೂ ನಂಬಿತು.

ಅವತ್ತೇ ನಾನು ಮೇಲೆ ಹತ್ತಿ ನೋಡಿದ್ದೆ. ಆ ಮಹಡಿಯ ಮೂವತ್ತೆರಡು ಹೆಡ್ಡುಗಳಲ್ಲಿ ಮೂವತ್ತೊಂದು ಹಾಗೆಯೇ ಇದ್ದವು. ಪ್ರತಿಯೊಂದರ ನಡುವೆ ಕಿರುಬೆರಳಿನ ತುದಿಯಷ್ಟಿರುವ ಕೆಂಪು ಗಾಜಿನ ಗುಂಡು. ಅದರೊಳಗಿನ ದ್ರವ ಅರವತ್ತೆಂಟು ಡಿಗ್ರಿ ಕಾವಿಗೆ ಉಬ್ಬಿ ಗಾಜನ್ನು ಒಡೆದಾಗ ಮಾತ್ರ ನೀರಿಗೆ ದಾರಿ. ಅದೂ ಆ ಒಂದಕ್ಕೆ ಮಾತ್ರ. ಪಕ್ಕದ್ದಕ್ಕೆ ಅದರ ಸುದ್ದಿಯೂ ತಿಳಿಯುವುದಿಲ್ಲ. ಹೊಗೆಗೂ ಗಾಜಿಗೂ ಸಂಬಂಧವೇ ಇಲ್ಲ.

"ಒಂದೇ ತೆರದದ ರೀ," ಎಂದು ಒಡೆದದ್ದನ್ನು ಬಿಚ್ಚಿ ತಂದು ಕೌಂಟರಿನ ಮೇಲಿಟ್ಟು ಸಾವಕಾರರಿಗೆ ತೋರಿಸಿದೆ.

"ಮಹಡಿ ಪೂರಾ ಮುಳುಗ್ಯಾದ. ಒಂದೇ ಅಂತಿ?"

"ಒಂದರಿಂದ ನಿಮಿಷಕ್ಕ ನಾಲ್ಕೈದು ಕೊಡ ನೀರು ಬರ್ತದ ರೀ. ವಾಲ್ವ್ ಬಂದ್ ಮಾಡ್ಲಿಕ್ಕೆ ನಿಮ್ಮವರು ಮುಕ್ಕಾಲು ತಾಸು ತಗೊಂಡಾರ. ವಾಲ್ವಿನ ಮುಂದ ಸೀರಿ ಡಬ್ಬಿ ಒಟ್ಟಿಟ್ಟಿದ್ರು, ಅದು ಎಲ್ಲದ ಅಂತ ಯಾರಿಗೂ ಸಿಕ್ಕಿಲ್ಲ."

ಡಬ್ಬಿ ಒಟ್ಟಿಸಿದ್ದು ಮ್ಯಾನೇಜರ್. ಅವನು ನನ್ನ ಮಾತನ್ನು ಅಲ್ಲಿಗೇ ಕತ್ತರಿಸಿದ. "ತಪ್ಪು ಮಾಡಿ ಮತ್ತ ನಮಗ ಹೇಳ್ಲಿಕ್ಕೆ ಬರ್ತೀ?" ಎಂದವನೇ ಒಡೆದ ಹೆಡ್ಡನ್ನು ಎತ್ತಿ ಬಿಸಾಡಿದ್ದು ಆಗಲೇ.

ಹದಿನೈದು ದಿನದಲ್ಲಿ ಸೊಲ್ಲಾಪುರದಿಂದ ಪತ್ರ ಬಂತು, ನೀವಿನ್ನು ಬರುವುದು ಬೇಡ ಎಂದು. ಒಪ್ಪಿಕೊಂಡಿದ್ದ ಒಂದು ಆಸ್ಪತ್ರೆ ಮತ್ತು ಒಂದು ಸಿನಿಮಾ ಟಾಕೀಸಿನವರು ಕೆಲಸ ಬೇಡವೆಂದರು. ಟಾಕೀಸಿನವರು ಕಾರಣವನ್ನೂ ಕೊಟ್ಟರು. "ನಮ್ಮ ಕಲಬುರಗಿ ಬಿಸಲಿಗೇ ಅವು ಒಡದು ಹೋಗ್ತಾವಂತ ರೀ." ಬ್ರಹ್ಮಪುರದಲ್ಲಿ ನಮ್ಮ ಬಾಡಿಗೆ ಮನೆಯ ಓಣಿಯಲ್ಲಿ ನಳದ ಹತ್ತಿರ ನನ್ನ ಹೆಂಡತಿಯನ್ನು ಹೆಂಗಸರು ಕೇಳಿದ್ದರಂತೆ, "ನೀ ಒಲಿ ಹಚ್ಚಿದ್ರ ಮಾಳಿಗಿಂದ ನೀರು ಬೀಳ್ತದೇನವ್ವ?" ಅವಳು ನಕ್ಕು ಹೇಳಿದಳು. ನನಗೆ ನಗು ಬರಲಿಲ್ಲ. ನನ್ನ ತಪ್ಪಿನಿಂದ ಹೀಗಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಆದರೆ ಅವನು ಸುಳ್ಳು ಹೇಳಿದ್ದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು ಎಂದು ನನಗೆ ಅನುಮಾನವಿತ್ತು. ಆ ಅನುಮಾನವನ್ನು ನಾನು ಉಪ್ಪು ಹಚ್ಚಿ ಕಾಪಾಡಿಕೊಂಡೆ.

ಒಡೆದ ಹೆಡ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ನನ್ನ ದಿನದ ಕೆಲಸವಾಯಿತು. ಕಾವಿಗೆ ಗಾಜು ಒಡೆದರೆ ಹಿತ್ತಾಳೆಯ ಚೌಕಟ್ಟು ನೆಟ್ಟಗೇ ಇರುತ್ತದೆ. ಇದರ ಎರಡೂ ತೋಳುಗಳು ಒಂದೇ ಕಡೆಗೆ ವಾಲಿದ್ದವು. ನೀರು ಚದುರಿಸುವ ತುದಿಯ ತಟ್ಟೆ ಸೊಟ್ಟಗಾಗಿತ್ತು. ಮಸಿಯ ಗುರುತಿಲ್ಲ. ಒಂದು ತೋಳಿನ ಬುಡದಲ್ಲಿ ಹಸಿರು ನೈಲಾನಿನ ಎರಡು ಎಳೆ ಸಿಕ್ಕಿಕೊಂಡಿದ್ದವು.

ಹಗ್ಗ. ಯಾರೋ ಹೆಡ್ಡಿಗೆ ಹಗ್ಗ ಕಟ್ಟಿ ಜಗ್ಗಿದ್ದರು.

ಅದನ್ನು ಕಟ್ಟಿಸಿದವರು ಯಾರೆಂದು ತಿಳಿಯಲು ತಡವಾಗಲಿಲ್ಲ. ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಚಹಾದಂಗಡಿಯಲ್ಲಿ ಆ ಅಂಗಡಿಯ ಸೇಲ್ಸ್‌ಮನ್ ಒಬ್ಬ ಸಿಕ್ಕ. ನಾನು ಎಳೆಗಳನ್ನು ತೋರಿಸಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಸೀಜನ್ನಿನ ಬ್ಯಾನರ್ ಕಟ್ಟಿದ್ರು ರೀ. ಮ್ಯಾನೇಜರ್ ಸಾಹೇಬ್ರೇ ನಿಂತು, ಫವಾರಾಕ್ಕೇ ಹಗ್ಗ ಕಟ್ಟು ಅಂದ್ರು. ಬ್ಯಾನರ್ ಜೋತುಬಿತ್ತು ಅಂತ ತಾವೇ ಜಗ್ಗಿ ಬಿಗಿ ಮಾಡ್ಲಿಕ್ಕೆ ಹೋದ್ರು. ಫಟ್ ಅಂತು. ಆದ್ರ ನನ್ನ ಹೆಸರು ಎಲ್ಲೂ ತರಬ್ಯಾಡ್ರಿ, ನನ್ನ ನೌಕರಿ ಹೋಗ್ತದ."

ಆ ಕ್ಷಣದಿಂದ ನನಗೆ ಕೆಲಸ ವಾಪಸ್ಸು ಬೇಕೆನಿಸಲಿಲ್ಲ. ಅದೇ ಅಂಗಡಿಯ ಅದೇ ಕೌಂಟರಿನ ಹಿಂದೆ, ಅದೇ ಜನರ ಮುಂದೆ ಅವನು ನಿಂತು ಬಾಯಿಬಿಡಬೇಕು. ಅದೊಂದೇ ಬೇಕಿತ್ತು.

ವಿಮೆ ಕಂಪನಿಯ ಸರ್ವೇಯರ್ ಬಳಿಗೆ ಹೋದೆ. ಹಾಳಾದ ಮಾಲನ್ನು ನೋಡಿ ವರದಿ ಬರೆಯಬೇಕಿದ್ದವರು ಅವರು. ಕನ್ನಡಕ ಹಣೆಗೇರಿಸಿ ಹೆಡ್ಡನ್ನು ತಿರುಗಿಸಿ ನೋಡಿದರು.

"ಪುಸ್ತಕದಾಗ ಓದೀನಿ, ಒಂದೊಂದೇ ತೆರಿತಾವ ಅಂತ. ಕಣ್ಣಿಲೆ ಕಂಡಿಲ್ಲ. ನೀವು ತೋರಸ್ತೀರೇನು?"

"ತೋರಸ್ತೀನಿ ರೀ. ಆದ್ರ ಸಾವಕಾರ್ರು, ಮ್ಯಾನೇಜರ್ ಇಬ್ಬರೂ ಇರಬೇಕು."

ನನ್ನ ಊರು ಕಮಲಾಪುರ. ಅಲ್ಲಿ ಅಣ್ಣನ ಕೆಂಪು ಬಾಳೆಯ ತೋಟದ ಬಾವಿಗೆ ಪಂಪಿತ್ತು, ಪಕ್ಕದಲ್ಲಿ ತಗಡಿನ ಚಪ್ಪರ. ಚಪ್ಪರದ ಕೆಳಗೆ ಪೈಪು ಎಳೆದು ನಾಲ್ಕು ಹೆಡ್ಡು ಕೂಡಿಸಿದೆ. ಹಗಲಲ್ಲಿ ಮೂರು ತಾಸು ಮಾತ್ರ ಪಂಪಿಗೆ ಸಾಲುವಷ್ಟು ಕರೆಂಟು. ಆ ಹೊತ್ತಿಗೆ ಸರಿಯಾಗಿ ಮೂವರನ್ನೂ ಕರೆದೆ. ಸುದ್ದಿ ಕೇಳಿ ಊರ ಜನವೂ ಬಂದರು.

ಚಿಂದಿ ಬಟ್ಟೆ ಒಟ್ಟಿ ಬೆಂಕಿ ಹಚ್ಚಿದೆ. ಉರಿ ಎದ್ದಿತು. ನಾನು ಮೇಲೆ ನೋಡುತ್ತ ನಿಂತೆ. ಐದು ನಿಮಿಷ, ಹತ್ತು ನಿಮಿಷ. ಚಪ್ಪರಕ್ಕೆ ನಾಲ್ಕೂ ಕಡೆ ಗೋಡೆಯಿರಲಿಲ್ಲ. ಹೊಲದ ಮೇಲಿಂದ ಬಂದ ಗಾಳಿ ಕಾವನ್ನೆಲ್ಲ ಹೊರಗೆ ಹೊತ್ತೊಯ್ಯುತ್ತಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಬಟ್ಟೆ ಉರಿದು ಬೂದಿಯಾಗಿತ್ತು. ನಾಲ್ಕು ಗಾಜಿನ ಗುಂಡುಗಳೂ ಕೆಂಪಗೆ, ಗಟ್ಟಿಯಾಗಿ ಕುಳಿತಿದ್ದವು.

ಮ್ಯಾನೇಜರ್ ಕೈ ಝಾಡಿಸಿದ. "ಹೊಗಿಗಿ ತೆರಿಯೂದಿಲ್ಲ ಅಂದ. ಈಗ ನೋಡ್ರಿ, ಬೆಂಕಿಗೂ ತೆರಿಯೂದಿಲ್ಲ!"

ನನ್ನ ಸ್ವಂತ ಊರಿನವರು ನಕ್ಕರು. ಅಣ್ಣ ಮೋಟರ್ ಬಂದ್ ಮಾಡಿ ತೋಟದೊಳಗೆ ಹೋಗಿಬಿಟ್ಟ. ಸರ್ವೇಯರ್ ಮಾತ್ರ ಜೀಪು ಹತ್ತುವ ಮುಂಚೆ ಹೇಳಿದರು, "ಇನ್ನೊಂದು ಸಲ ಬರ್ತೀನಿ. ಮೂರನೇ ಸಲ ಬರೂದಿಲ್ಲ."

ಮರುದಿನ ಗೋದಾಮಿಗೆ ಹೋದೆ. ಅಲ್ಲಿ ಛಾವಣಿಗೂ ಹೆಡ್ಡಿಗೂ ಎಷ್ಟು ಅಂತರ ಬಿಟ್ಟಿದ್ದೆ ಎಂದು ಅಳೆದು, ಅದರಂತೆ ಚಪ್ಪರ ಸರಿಮಾಡುವ ಯೋಚನೆ. ಮೊದಲು ಹತ್ತಿ ಜಿನ್ನಿಂಗ್ ಇದ್ದ ಹಳೆಯ ಕಟ್ಟಡ ಅದು. ಕಾವಲುಗಾರನಿಗೆ ನನ್ನ ಗುರುತಿತ್ತು, ಒಳಗೆ ಬಿಟ್ಟ. ಸೀರೆಯ ಗಂಟುಗಳು ಆಳೆತ್ತರಕ್ಕೆ ಬಿದ್ದಿದ್ದವು. ನಡುವೆ ಹನ್ನೊಂದು ಜನ ಹೆಂಗಸರು ಕುಳಿತು ಮಡಿಕೆ ಹಾಕಿ ಪೊಟ್ಟಣ ಕಟ್ಟುತ್ತಿದ್ದರು. ಹೊರಬರಲು ಒಂದೇ ಬಾಗಿಲು.

ಮೇಲೆ ನೋಡಿದೆ. ಛಾವಣಿಗೆ ಹೊಸದಾಗಿ ಬಿಳಿ ಬಣ್ಣ ಬಡಿದಿದ್ದರು. ಹೆಡ್ಡುಗಳಿಗೂ ಬಡಿದಿದ್ದರು. ಒಂದರಲ್ಲೂ ಕೆಂಪು ಗಾಜು ಕಾಣುತ್ತಿರಲಿಲ್ಲ. ಬಣ್ಣ ಗಟ್ಟಿಯಾಗಿ ಮೆತ್ತಿಕೊಂಡರೆ ಕಾವು ತಟ್ಟುವುದು ತಡ, ಒಡೆದರೂ ಬಿಚ್ಚಿಕೊಳ್ಳುತ್ತದೆಂಬ ಖಾತ್ರಿಯಿಲ್ಲ. ಮೂಲೆಗೆ ಹೋಗಿ ಮುಖ್ಯ ವಾಲ್ವ್ ನೋಡಿದೆ. ಚಕ್ರವನ್ನು ಪೂರ್ತಿ ತಿರುಗಿಸಿ ಮುಚ್ಚಿ, ಸರಪಳಿ ಸುತ್ತಿ ಬೀಗ ಹಾಕಿದ್ದರು. ಮ್ಯಾನೇಜರನ ಬುದ್ಧಿ. ನೀರೇ ಬರದಂತೆ ಮಾಡಿದರೆ ಸೀರೆ ಸುರಕ್ಷಿತ ಎಂದು ಅವನ ಲೆಕ್ಕ.

ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ನನ್ನನ್ನೇ ನೋಡುತ್ತಿದ್ದಳು. "ಯಾರ ಮಗ ಆದಿ ತಮ್ಮ? ಮ್ಯಾಲ ಏನು ನೋಡ್ಲಕತ್ತಿ?"

ಅಪ್ಪನ ಹೆಸರು ಹೇಳಿದೆ. ಎರಡನೇ ಪ್ರಶ್ನೆಗೆ, "ಏನಿಲ್ಲವ್ವ" ಅಂದೆ.

ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಇಲ್ಲ, ಹೆಂಡತಿಗೂ ಇಲ್ಲ, ಸರ್ವೇಯರಿಗೂ ಇಲ್ಲ.

ಇದನ್ನು ಮರೆಮಾಚಿ ಬರೆಯಲಾರೆ. ಆ ಗೋದಾಮು ಸುಡಲಿ ಎಂದು ನನಗೆ ಅನಿಸಿತ್ತು. ಸಾವಕಾರರು ಬೂದಿಯ ಮುಂದೆ ನಿಂತು, ವಾಲ್ವ್ ಮುಚ್ಚಿಸಿದವರು ಯಾರೆಂದು ಕೇಳಲಿ, ಮ್ಯಾನೇಜರ್ ಬಾಯಿ ಒಣಗಲಿ. ಆ ಚಿತ್ರವನ್ನು ನಾನು ಮತ್ತೆ ಮತ್ತೆ ಕಟ್ಟಿಕೊಂಡೆ. ಚಪ್ಪರದ ಕೆಲಸಕ್ಕೆಂದು ದಿನವೂ ಬಸ್ಸಿನಲ್ಲಿ ಕಮಲಾಪುರಕ್ಕೆ ಬರುವಾಗ ಊರು ಹತ್ತಿರವಾದಂತೆ ಕಿಟಕಿಯಿಂದ ಗೋದಾಮಿನ ದಿಕ್ಕಿಗೆ ಕತ್ತು ಚಾಚುತ್ತಿದ್ದೆ, ಹೊಗೆ ಕಾಣುತ್ತದೆಯೇ ಎಂದು. ಕಾಣದಿದ್ದಾಗ ಸಮಾಧಾನವಾಗುತ್ತಿತ್ತೋ ನಿರಾಸೆಯಾಗುತ್ತಿತ್ತೋ ಹೇಳಲಾರೆ. ಆ ಚಿತ್ರದಲ್ಲಿ ಹನ್ನೊಂದು ಹೆಂಗಸರು ಇರುತ್ತಿರಲಿಲ್ಲ. ನಾನೇ ಅವರನ್ನು ಹೊರಗಿಟ್ಟಿದ್ದೆ. ಹೀಗೆ ಹದಿನೆಂಟು ದಿನ.

ಆ ದಿನಗಳಲ್ಲಿ ಚಪ್ಪರಕ್ಕೆ ಮೂರು ಕಡೆ ತಗಡು ಬಡಿದೆ. ಮೇಲೆ ಪ್ಲೈವುಡ್ ಹಾಕಿ ಸಂದುಗಳನ್ನು ಮಣ್ಣಿನಿಂದ ಮೆತ್ತಿದೆ. ಹೆಡ್ಡುಗಳನ್ನು ಅದಕ್ಕೆ ನಾಲ್ಕು ಬೆರಳು ಕೆಳಗೆ ತಂದೆ. ಒಬ್ಬನೇ ಎರಡು ಸಲ ಬೆಂಕಿ ಹಚ್ಚಿ ನೋಡಿದೆ. ಎರಡೂ ಸಲ, ಎರಡು ಮೂರು ನಿಮಿಷದೊಳಗೆ ಬೆಂಕಿಯ ನೆತ್ತಿಯ ಮೇಲಿನ ಒಂದೇ ಹೆಡ್ಡು ಒಡೆಯಿತು. ಆಮೇಲೆ ಮೂವರನ್ನೂ ಕರೆದೆ.

ಮೊದಲು ಲೋಬಾನ. ಎರಡು ಬೋಗುಣಿ ಕೆಂಡಕ್ಕೆ ಮುಷ್ಟಿ ಮುಷ್ಟಿ ಸುರಿದು ಮುಂದೆ ಗೋಣಿತಟ್ಟು ಇಳಿಬಿಟ್ಟೆ. ಒಳಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಹೊಗೆ. ಅರ್ಧ ತಾಸು ಹಾಗೇ ಬಿಟ್ಟೆ. ಮ್ಯಾನೇಜರ್ ಕೆಮ್ಮುತ್ತ ಹಿಂದೆ ಸರಿದ.

"ದೂರ ಹೋಗಬ್ಯಾಡ್ರಿ," ಅಂದೆ. "ನಿಮ್ಮ ಅಂಗಡ್ಯಾಗ ಹಾಕಿದ್ದಕ್ಕಿಂತ ಹತ್ತು ಪಟ್ಟು ಹಾಕೀನಿ. ಎಷ್ಟು ತೆರದಾವ, ಎಣಿಸ್ರಿ."

ಒಂದೂ ತೆರೆದಿರಲಿಲ್ಲ. ಸರ್ವೇಯರ್ ಬರೆದುಕೊಂಡರು.

ಆಮೇಲೆ ಬಟ್ಟೆಗೆ ಬೆಂಕಿ. ಉರಿ ಮೇಲೆದ್ದು, ಛಾವಣಿ ಮುಟ್ಟಿ, ಅಗಲವಾಗಿ ಹರಡಿತು. ಚಿಟ್ ಎಂದು ಸಣ್ಣ ಸದ್ದು, ಒಂದು ಹೆಡ್ಡಿನಿಂದ ನೀರು ಕೊಡೆ ಬಿಚ್ಚಿದಂತೆ ಇಳಿಯಿತು. ಬೆಂಕಿ ಕುಗ್ಗಿ ನೆಲಕ್ಕೆ ಕೂತಿತು. ಉಳಿದ ಮೂರು ಮುಚ್ಚಿಕೊಂಡೇ ಇದ್ದವು. ಸಾವಕಾರರು ಪಂಚೆ ಎತ್ತಿ ಹಿಡಿದು ಒಳಗೆ ಹೋಗಿ ಮೂರನ್ನೂ ಒಂದೊಂದಾಗಿ ನೋಡಿ ಬಂದರು.

"ಈಗ ಇನ್ನೊಂದು," ಎಂದೆ. ಉಳಿದ ಹೆಡ್ಡೊಂದಕ್ಕೆ ನೈಲಾನ್ ಹಗ್ಗ ಕಟ್ಟಿ ಎರಡೂ ಕೈಯಿಂದ ಜಗ್ಗಿದೆ. ಫಟ್ ಎಂದಿತು. ನನ್ನ ಮೈಮೇಲೆ ನೀರು. ಪಂಪು ನಿಲ್ಲಿಸಿ ಅದನ್ನು ಬಿಚ್ಚಿ ತಂದು ಸಾವಕಾರರ ಅಂಗೈಯಲ್ಲಿಟ್ಟೆ. ಪಕ್ಕದಲ್ಲಿ, ಅವತ್ತು ನನ್ನ ಕಾಲಿಗೆ ಬಂದು ಬಿದ್ದದ್ದನ್ನು ಇಟ್ಟೆ. ಎರಡರ ತೋಳೂ ಒಂದೇ ತರ ವಾಲಿದ್ದವು. "ಹಸಿರು ಎಳಿ ನೋಡ್ರಿ," ಅಂದೆ. "ನಾ ಹಚ್ಚಿದ್ದಲ್ಲ."

ಸಾವಕಾರರು ಮ್ಯಾನೇಜರ್ ಕಡೆ ತಿರುಗಿದರು. ಅವನ ಕಣ್ಣು ನೆಲದಲ್ಲಿತ್ತು.

"ಬ್ಯಾನರ್ ಕಟ್ಟಿದ್ದು ಖರೆ ರೀ... ಅಷ್ಟಕ್ಕೇ ಒಡಿತದ ಅಂತ ನನಗೇನು ಗೊತ್ತು?"

"ಆಯ್ತು, ಮುಗೀತು ಬಿಡು," ಎಂದರು ಸಾವಕಾರರು, ನನ್ನ ಹೆಗಲ ಮೇಲೆ ಕೈಯಿಟ್ಟು. ಅವರಿಗೆ ಮುಗಿದಿತ್ತು. ನನಗೆ ಮುಗಿದಿರಲಿಲ್ಲ. ಬಾಳೆಯ ತೋಟದಲ್ಲಿ, ಬೆರಳೆಣಿಕೆಯ ಜನರೆದುರು ತೊದಲಿದ್ದು ನನಗೆ ಯಾವ ಲೆಕ್ಕ? ಸರ್ವೇಯರ್ ಪುಸ್ತಕ ಮಡಚುತ್ತ ಸಹಜವಾಗಿ ಕೇಳಿದರು, "ಇಲ್ಲೇ ಇರೋ ಗೋದಾಮಿನಾಗ ಎಲ್ಲಾ ಬರಾಬರ್ ಅದ ಹೌದಲ್ಲೋ?"

"ಏಕದಂ ಬರಾಬರ್ ರೀ," ಎಂದ ಮ್ಯಾನೇಜರ್. "ವಾಲ್ವ್ ಕಾಯಂ ಖುಲ್ಲಾ ಇರ್ತದ."

ಈಗ ತಾನೇ ಸಿಕ್ಕಿಬಿದ್ದವನು ಕಣ್ಣು ಮಿಟುಕಿಸದೆ ಮತ್ತೊಂದು ಸುಳ್ಳು ಹೇಳಿದ್ದ. ನಾನು ಸುಮ್ಮನಿದ್ದರೆ ಒಂದಲ್ಲ ಒಂದು ದಿನ ಗೋದಾಮು ಸುಡುತ್ತಿತ್ತು. ಬಾಯಿಬಿಟ್ಟರೆ ಇವನು ಇವತ್ತೇ ಕೆಳಗೆ ಬೀಳುತ್ತಿದ್ದ. ಹೆಂಗಸರನ್ನು ನೆನೆದು ಮಾತಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಹಾಗಿರಲಿಲ್ಲ. ಅವನು ಬೀಳುವುದನ್ನು ಕಾಯುವ ತಾಳ್ಮೆ ನನಗೆ ಉಳಿದಿರಲಿಲ್ಲ, ಅಷ್ಟೇ.

"ನಡೀರಿ," ಅಂದೆ. "ನೋಡಿ ಬರೂಣ."

ಗೋದಾಮಿನಲ್ಲಿ ಸರ್ವೇಯರ್ ವಾಲ್ವಿನ ಸರಪಳಿಯನ್ನು ಬೆರಳಿನಿಂದ ಎತ್ತಿ ನೋಡಿದರು. ಏಣಿ ತರಿಸಿ ಹತ್ತಿ, ಹೆಡ್ಡಿನ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. ಕೆಳಗಿಳಿದು, "ಇದು ಹಿಂಗೇ ಇದ್ರ ವಿಮಾ ಇರೂದಿಲ್ಲ ಸಾವಕಾರ್ರೆ, ನಾ ಬರಿಯೋನು," ಎಂದು ಇಷ್ಟೇ ಹೇಳಿದರು. ಸಾವಕಾರರ ಮುಖ ಕಪ್ಪಿಟ್ಟಿತು. ಅವರು ನನ್ನತ್ತ ನೋಡಿ, "ಏನು ಮಾಡಬೇಕು ಹೇಳ್ರಿ, ನೀವೇ ಮಾಡಿಕೊಡ್ರಿ" ಎಂದರು. ಅವರ ಬಾಯಿಂದ ನನಗೆ ಮೊದಲ ಬಾರಿ ಬಹುವಚನ ಸಿಕ್ಕಿತ್ತು.

"ಮಾಡ್ತೀನಿ ರೀ. ಮೊದಲು ಈ ಬೀಗ ಅವರೇ ತೆಗೀಲಿ, ಚಕ್ರ ಅವರೇ ತಿರುಗಸ್ಲಿ. ನಾಳೆ ಅಂಗಡ್ಯಾಗ ಎಲ್ಲಾ ಕೆಲಸದವರನ್ನ ನಿಲ್ಲಿಸಿ, ಅವತ್ತು ಏನಾಯ್ತಂತ ಅವರೇ ಹೇಳ್ಲಿ. ಆಮ್ಯಾಲ ನಾ ಪಾನಾ ಹಿಡದು ಕೆಲಸಕ್ಕಿಳಿತೀನಿ."

ಮ್ಯಾನೇಜರ್ ಮಂಡಿಯೂರಿ ಬೀಗ ತೆಗೆದ. ಚಕ್ರ ಬಿಗಿದಿತ್ತು, ಬೆವತು ಹೋದ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದೆ. ಕೈ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಅವನು ಕೌಂಟರಿನ ಹಿಂದೆ ನಿಂತು ಹೇಳಿದ. "ಹೊಗಿಯಿಂದ ಆಗಿಲ್ಲ. ನಾ ಹಗ್ಗ ಜಗ್ಗಿದೆ, ಒಂದು ಒಡೀತು. ಎಲ್ಲಾ ಒಡೀಲಿಲ್ಲ."

"ಹಿಂದ ನಿಂತವರಿಗೆ ಕೇಳ್ಸಲಿಲ್ಲ," ಅಂದೆ.

ಅವನು ಮತ್ತೆ ಹೇಳಿದ. ಈ ಸಲ ದನಿ ಒಡೆಯಿತು. ಯಾರೂ ನಗಲಿಲ್ಲ. ನನಗೆ ಮಾತ್ರ ಎದೆಯ ತುಂಬ ತಣ್ಣೀರು ಕುಡಿದ ಹಾಗಾಯಿತು. ಪಶ್ಚಾತ್ತಾಪವೇನೂ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ತಿಂಗಳೊಳಗೆ ಅವನು ಕೆಲಸ ಬಿಟ್ಟು ಹೋದ.

ಗೋದಾಮಿನ ಕೆಲಸಕ್ಕೆ ಐದು ವಾರ ಹಿಡಿಯಿತು. ಬಣ್ಣ ಮೆತ್ತಿದ ಹೆಡ್ಡನ್ನು ಒರೆಸಿ ಉಳಿಸಿಕೊಳ್ಳುವ ಹಾಗಿಲ್ಲ, ಎಲ್ಲವನ್ನೂ ಬದಲಿಸಿದೆ. ನೀರು ಹರಿದರೆ ತಾನಾಗಿ ಬಡಿಯುವ ಗಂಟೆಯನ್ನು ಹೊರಗೋಡೆಗೆ ಕೂಡಿಸಿದೆ. ವಾಲ್ವನ್ನು ತೆರೆದ ಸ್ಥಿತಿಯಲ್ಲೇ ಪಟ್ಟಿ ಕಟ್ಟಿ ನಿಲ್ಲಿಸಿದೆ.

ಆ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಗೋದಾಮಿನಲ್ಲಿ ಬೆಂಕಿ ಬಿತ್ತು. ಫ್ಯಾನಿನ ಮೋಟರಿನಿಂದ ಕಿಡಿ ಹಾರಿ ಬಾಗಿಲ ಪಕ್ಕದ ಸೀರೆಗಂಟಿನ ಮೇಲೆ ಬಿದ್ದಿತ್ತು. ಸುದ್ದಿ ಸಿಕ್ಕು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದೇ ಹೆಡ್ಡು ತೆರೆದಿತ್ತು. ಅದರ ಕೆಳಗೆ ನಾಲ್ಕು ಗಂಟು ಕರಕಲಾಗಿ ತೊಯ್ದು ಕುಳಿತಿದ್ದವು. ಕಾವಲುಗಾರ ಗಂಟೆ ಕೇಳಿ ಬಂದು, ಬೆಂಕಿ ಆರಿದ ಮೇಲೆ ವಾಲ್ವ್ ಮುಚ್ಚಿದ್ದ. ಹೆಂಗಸರು ಹೊರಗೆ ಬೇವಿನ ನೆರಳಿನಲ್ಲಿ ಕುಳಿತಿದ್ದರು. ನಾನು ನಿಂತು ಎಣಿಸಿದೆ. ಹನ್ನೊಂದು ಜನ.

ಆ ಹಿರಿಯಳು ನನ್ನನ್ನು ಕಂಡು ಕೈಮಾಡಿ ಕರೆದಳು.

"ಬಾಗಲ ಹಂತೇಕ ಬೆಂಕಿ ತಮ್ಮ. ಇನ್ನ ಸತ್ತಿವಿ ಅಂದ್ವಿ. ಮ್ಯಾಲಿಂದ ಅದು ಬಿತ್ತು ನೋಡು ನೀರು, ಅಷ್ಟೇ ಜಾಗಕ್ಕ. ಬೆಂಕಿ ಕೆಳಗ ಕೂತ್ತು. ಸೆರಗು ಮುಚ್ಕೊಂಡು ಅದರ ಬಾಜೂಕೇ ಹಾದು ಹೊರಗ ಬಂದ್ವಿ. ನೀ ಕೂಡಿಸಿದ್ದಂತಲ್ಲ, ನಿನ್ನ ಹೊಟ್ಟಿ ತಣ್ಣಗಿರ್ಲಿ."

ಆ ಹರಕೆಯನ್ನು ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ಅವಳೆದುರು ಕುಕ್ಕುರುಗಾಲಲ್ಲಿ ಕೂತೆ.

"ಯವ್ವಾ, ಅವತ್ತು ಮ್ಯಾಲ ನೋಡಿ ಏನಿಲ್ಲ ಅಂದಿದ್ದೆ. ಸುಳ್ಳು ಹೇಳಿದ್ದೆ. ಬಣ್ಣ ಬಡದಿದ್ರು, ನೀರು ಬಂದ್ ಮಾಡಿದ್ರು. ಗೊತ್ತಿದ್ದೂ ಹದಿನೆಂಟು ದಿನ ಸುಮ್ಮನಿದ್ದೆ. ಅವನ ಮ್ಯಾಲಿನ ಸಿಟ್ಟಿಗೆ."

ಅವಳು ಒದ್ದೆ ಸೆರಗಿನ ತುದಿ ಹಿಂಡಿದಳು.

"ಬಣ್ಣ ಬಡಿಯೂದು ನಾವೂ ನೋಡೀವಿ," ಅಂದಳು. "ಬೀಗ ಹಾಕಿದ್ದೂ ನೋಡೀವಿ. ಅದು ಏನು, ಎದಕ್ಕದ ಅಂತ ಗೊತ್ತಿದ್ರ ಅವತ್ತೇ ಬಾಯಿ ಮಾಡ್ತಿದ್ವಿ. ನೀ ಸಾವಕಾರಗ ಹೇಳಿದಿ, ವಿಮಾದವನಿಗಿ ಹೇಳಿದಿ, ಊರು ಕರದು ತೋಟದಾಗ ತೋರಿಸಿದಿ. ಅದರ ಕೆಳಗ ದಿನಾ ಕೂಡೋರು ನಾವು. ನಮಗ ಯಾವತ್ತರೆ ಹೇಳಿದ್ದೇನು?"

ಮೂರು ವರ್ಷದ ಹಿಂದೆ ಮೊದಲ ಪೈಪು ಎಳೆದ ದಿನವೂ ಅವರು ಅಲ್ಲೇ ಕುಳಿತಿದ್ದರು. ಏಣಿಯಿಡಲು ಜಾಗಬೇಕೆಂದು ನಾನು ಅವರನ್ನು ಎಬ್ಬಿಸಿ ಪಕ್ಕಕ್ಕೆ ಕಳಿಸಿದ್ದೆ. ಅಷ್ಟೇ ಮಾತಾಡಿದ್ದು.

"ಈಗರೆ ಹೇಳು," ಎಂದು ಅವಳು ಸೆರಗು ಕೊಡವಿ ಎದ್ದಳು. ಉಳಿದ ಹತ್ತು ಜನರೂ ಎದ್ದರು. ಅವರನ್ನು ಕರೆದುಕೊಂಡು ಒಳಗೆ ಹೋದೆ. ನೆಲದ ಮೇಲೆ ಇನ್ನೂ ನೀರಿತ್ತು. ಮೊದಲು ವಾಲ್ವಿನ ಹತ್ತಿರ ನಿಲ್ಲಿಸಿ, ಚಕ್ರದ ಮೇಲೆ ಅವಳ ಕೈಯನ್ನೇ ಇಡಿಸಿದೆ. "ಈ ಕಡಿ ತಿರುವಿದ್ರ ಬಂದ್, ಈ ಕಡಿ ಖುಲ್ಲಾ. ಯಾರೇ ಬಂದು ಬಂದ್ ಮಾಡಿದ್ರೂ, ಯಾಕ ಅಂತ ಕೇಳ್ರಿ," ಎಂದು ಶುರುಮಾಡಿದೆ.